ದಪ್ಪ ತಂತಿಯ ಮೇಲೆ ಮಿಸಿರ್ಲೂ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಬೆಳೆದ ಗಿಟಾರ್ ಸಂಗೀತವಾದ ಸರ್ಫ್ ರಾಕ್ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ರಿವರ್ಬ್, ಅಂದರೆ ದನಿಗೆ ಪ್ರತಿಧ್ವನಿಯಂಥ ಗುಂಗು ಕೊಡುವ ಪರಿಣಾಮ, ಹುಡುಕುತ್ತಾರೆ. ನಾನು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿಯುವ ಕೈಯಿಂದ ಶುರು ಮಾಡಿದೆ. ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ 1961ರಲ್ಲಿ ತಂದ 'ಲೆಟ್ಸ್ ಗೋ ಟ್ರಿಪ್ಪಿನ್' ಕೇಳಿ ನೋಡಿ. ಈ ಶೈಲಿಯ ಮೊದಮೊದಲ ರೆಕಾರ್ಡುಗಳಲ್ಲಿ ಅದೂ ಒಂದು. ಸರ್ಫ್ ಅಂದ ಕೂಡಲೇ ನೆನಪಾಗುವ ಆ ಒದ್ದೆ ರಿವರ್ಬ್ ಅದರಲ್ಲಿಲ್ಲ. ಆದರೂ ಕಾಲು ಸುಮ್ನೆ ಇರುವುದಿಲ್ಲ, ಅಲ್ವಾ?

ನಾನು ಆರಿಸಿಕೊಂಡದ್ದು ಡೇಲ್ 1962ರಲ್ಲಿ ನುಡಿಸಿದ 'ಮಿಸಿರ್ಲೂ'. ಇದು ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಧಾಟಿ. ಗ್ರೀಕರು 1920ರ ದಶಕದಲ್ಲೇ ಇದನ್ನು ರೆಕಾರ್ಡ್ ಮಾಡಿದ್ದರು. ಡೇಲ್ ಅವರ ತಂದೆಯ ಕಡೆಯವರು ಲೆಬನಾನ್ ಮೂಲದವರು. ಮನೆಯಲ್ಲಿ ಕೇಳಿ ಬೆಳೆದ ಆ ಸಂಗೀತವನ್ನು ಅವರು ಕ್ಯಾಲಿಫೋರ್ನಿಯಾದ ಕಡಲತೀರದ ಹುಡುಗರಿಗೆ ವಿದ್ಯುತ್ ಗಿಟಾರಿನಲ್ಲಿ ಕೇಳಿಸಿದರು.

ಧಾಟಿಯನ್ನು ಹಾಡಿಕೊಂಡಾಗ ನನಗೆ ತುಂಬಾ ಖುಷಿಯಾಯಿತು. ಅದರ ಸ್ವರಗಳು ನಮ್ಮ ಸರಳೆ ವರಸೆಯ ಮಾಯಾಮಾಳವಗೌಳದವೇ! ಅತಿ ದಪ್ಪ ತಂತಿಯನ್ನು, ಅಂದರೆ ಕೆಳಗಿನ 'ಇ'ಯನ್ನು, ಷಡ್ಜ ಅಂತ ಇಟ್ಟುಕೊಳ್ಳಿ. ಒಂದನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಮನೆ) ರಿಷಭ, ನಾಲ್ಕು ಗಾಂಧಾರ, ಐದು ಮಧ್ಯಮ, ಏಳು ಪಂಚಮ, ಎಂಟು ಧೈವತ, ಹನ್ನೊಂದು ನಿಷಾದ, ಹನ್ನೆರಡು ಮೇಲಿನ ಷಡ್ಜ. ಸಂಗೀತ ಪಾಠಕ್ಕೆ ಹೋದವರಿಗೆ ಎಡಗೈಯ ಕೆಲಸ ಅರ್ಧ ಮುಗಿದಂತೆ. ಒಂದೇ ತಂತಿಯ ಮೇಲೆ ಜಾರುತ್ತಾ ಹೋದರೆ ಸಾಕು.

ಕಷ್ಟ ಇರುವುದು ಪಿಕ್ಕಿನಲ್ಲಿ. ಪ್ರತಿ ಸ್ವರವನ್ನೂ ಕೆಳಗೆ-ಮೇಲೆ, ಕೆಳಗೆ-ಮೇಲೆ ಎಂದು ಬಿಡದೆ ಮೀಟಬೇಕು. ಲಯದ ಒಂದು ಬಡಿತಕ್ಕೆ ನಾಲ್ಕು ಮೀಟು. ನಾನು ಲಯ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 90 ಬಡಿತಕ್ಕೆ ಇಟ್ಟು, ಬೆರಳು ಒತ್ತದೆ ತೆರೆದ ತಂತಿಯನ್ನಷ್ಟೇ ಮೀಟುತ್ತಿದ್ದೆ. ಪಿಕ್ಕಿನ ತುದಿ ಸ್ವಲ್ಪವೇ ಹೊರಗಿರಬೇಕು. ಭುಜ ಬಿಗಿಯಾಯಿತು ಅನ್ನಿಸಿದ ಕೂಡಲೇ ವೇಗ ಇಳಿಸುತ್ತಿದ್ದೆ. ಕೆಳಗಿನ ಮೀಟೂ ಮೇಲಿನ ಮೀಟೂ ಒಂದೇ ತೂಕದಲ್ಲಿ ಕೇಳಿದ ಮೇಲೆಯೇ ವೇಗ ಜಾಸ್ತಿ ಮಾಡುತ್ತಿದ್ದೆ. ತೆಳು ತಂತಿ ಈ ಹೊಡೆತಕ್ಕೆ ಒದ್ದಾಡುತ್ತದೆ. 12ರಿಂದ ಶುರುವಾಗುವ (ಅತಿ ತೆಳು ತಂತಿ 0.012 ಇಂಚು ದಪ್ಪ ಇರುವ) ಸೆಟ್ ಹಾಕಿದ ಮೇಲೆ ದನಿಗೆ ಮೈ ಬಂತು. ಡೇಲ್ ಇನ್ನೂ ದಪ್ಪ ತಂತಿ ಹಾಕುತ್ತಿದ್ದರು.

ಇದೆಲ್ಲ ಆದ ಮೇಲೆ ರಿವರ್ಬ್. ಫೆಂಡರ್ ಕಂಪನಿ 1961ರಲ್ಲಿ ಸ್ಪ್ರಿಂಗ್ ರಿವರ್ಬನ್ನು ಬೇರೆಯೇ ಪೆಟ್ಟಿಗೆಯಾಗಿ ತಂದಿತು. ಗಿಟಾರಿನ ಸಂಕೇತ ಒಳಗಿನ ಸ್ಪ್ರಿಂಗುಗಳನ್ನು ನಡುಗಿಸುತ್ತದೆ. ಆ ನಡುಕವೇ ಮತ್ತೆ ದನಿಯಾಗಿ ಹೊರಬರುತ್ತದೆ. ನನ್ನ ಬಳಿ ಇರುವುದು ಅದೇ ಮಾದರಿಯ ಪೆಟ್ಟಿಗೆ. ಅದನ್ನು ಗಿಟಾರಿಗೂ ದನಿ ದೊಡ್ಡದು ಮಾಡುವ ಆಂಪ್‌ಗೂ ನಡುವೆ ಜೋಡಿಸುತ್ತೇನೆ. ಅದರ ಮೇಲಿನ 'ಡ್ವೆಲ್' ಎಂಬ ತಿರುಗಿಸುವ ಗುಂಡಿ ಸ್ಪ್ರಿಂಗಿಗೆ ಎಷ್ಟು ಬಲವಾಗಿ ಪೆಟ್ಟು ಬೀಳಬೇಕು ಅನ್ನುವುದನ್ನು ತೀರ್ಮಾನಿಸುತ್ತದೆ. ಅದನ್ನು ಅರ್ಧಕ್ಕಿಂತ ಮೇಲಿಟ್ಟು, ಬ್ರಿಡ್ಜ್ ಪಿಕಪ್ (ತಂತಿಯ ಬುಡದ ಹತ್ತಿರ ದನಿ ಹಿಡಿಯುವ ಭಾಗ) ಆರಿಸಿ, ಅಂಗೈ ಅಂಚಿನಿಂದ ತಂತಿ ಅದುಮಿ ಚುರುಕಾಗಿ ಮೀಟಿದರೆ 'ಟ್ಳಪ್' ಎಂದು ನೀರು ತೊಟ್ಟಿಕ್ಕಿದ ಸದ್ದು ಬರುತ್ತದೆ. ಮೆಲ್ಲಗೆ ಮೀಟಿದರೆ ಬರುವುದಿಲ್ಲ.

ಆಂಪ್‌ನಲ್ಲಿ ಡಿಸ್ಟಾರ್ಷನ್, ಅಂದರೆ ಒಡೆದ ದನಿ, ಬೇಡವೇ ಬೇಡ. ಡೇಲ್ ಕ್ಯಾಲಿಫೋರ್ನಿಯಾದ ಬಾಲ್ಬೋವಾದಲ್ಲಿದ್ದ ರಾಂಡೆವೂ ಬಾಲ್‌ರೂಮ್ ಎಂಬ ನೃತ್ಯಶಾಲೆಯಲ್ಲಿ ದೊಡ್ಡ ಗುಂಪಿಗೆ ನುಡಿಸುತ್ತಿದ್ದರು. ಜೋರಾಗಿಯೂ ಇರಬೇಕು, ದನಿ ಒಡೆಯಲೂ ಬಾರದು. ಅದಕ್ಕೇ ಫೆಂಡರ್ ಕಂಪನಿಯ ಸ್ಥಾಪಕ ಲಿಯೋ ಫೆಂಡರ್, ಡೇಲ್‌ಗಾಗಿ 15 ಇಂಚಿನ ಸ್ಪೀಕರಿನ ಷೋಮನ್ ಆಂಪ್ ರೂಪಿಸಿದರು. ಮನೆಯಲ್ಲಿ ಅಷ್ಟು ಸದ್ದು ಮಾಡಲಾಗದು. ನಾನು ವಾಲ್ಯೂಮ್ ಕಡಿಮೆ ಇಟ್ಟು ಟ್ರೆಬಲ್ ಏರಿಸಿಕೊಳ್ಳುತ್ತೇನೆ.