ಬ್ಯಾಲೆ ಅಸೋಸಿಯೇಟ್ ಆಡಿಷನ್: ಮಗಳನ್ನು ಕಳಿಸುವ ಮೊದಲು ನಾವು ಯೋಚಿಸಿದ್ದು

ಇಂಗ್ಲೆಂಡಿನಲ್ಲಿ ಮಗು ಬ್ಯಾಲೆ ಕಲಿಯುತ್ತಿದ್ದರೆ, 8-9 ವರ್ಷದ ಹೊತ್ತಿಗೆ ‘ಅಸೋಸಿಯೇಟ್’ ಎನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮೊದಲು ಕ್ಲಾಸಿನ ಹೊರಗೆ ಕಾಯುವ ತಾಯಂದಿರ ಬಾಯಲ್ಲಿ. ಆಮೇಲೆ ಟೀಚರ್ ಬಾಯಲ್ಲಿ. ನನ್ನ ಮಗಳಿಗೆ 9 ತುಂಬಿದಾಗ ಅವಳ ಟೀಚರ್ ಕರೆದು, “ಈ ವರ್ಷ ಆಡಿಷನ್‌ಗೆ ಕಳಿಸಬಹುದು, ಮನೆಯಲ್ಲಿ ಮಾತಾಡಿ ನೋಡಿ” ಎಂದರು. ನಾವಿರುವುದು ಲೆಸ್ಟರ್‌ನಲ್ಲಿ. ನಮ್ಮ ಎರಡೂ ಮನೆಗಳಲ್ಲಿ ಬ್ಯಾಲೆ ಗೊತ್ತಿದ್ದವರು ಯಾರೂ ಇಲ್ಲ. ಹಾಗಾಗಿ ಎಲ್ಲವನ್ನೂ ಕೇಳಿ ಕೇಳಿ ತಿಳಿದುಕೊಂಡೆವು.

ಅಸೋಸಿಯೇಟ್ ಅಂದರೆ ಮಗು ತನ್ನ ಮಾಮೂಲಿ ಶಾಲೆಯಲ್ಲೇ ಓದುತ್ತದೆ, ಊರಿನ ಡಾನ್ಸ್ ಟೀಚರ್ ಹತ್ತಿರವೇ ಕಲಿಯುತ್ತದೆ. ಅದರ ಜೊತೆಗೆ ವಾರದ ಕೊನೆಯಲ್ಲಿ ಒಂದು ದೊಡ್ಡ ಬ್ಯಾಲೆ ಶಾಲೆ ನಡೆಸುವ ಕ್ಲಾಸಿಗೆ ಹೋಗುತ್ತದೆ. ರಾಯಲ್ ಬ್ಯಾಲೆ ಸ್ಕೂಲ್ ಇದನ್ನು ಶುರು ಮಾಡಿದ್ದು 1948ರಲ್ಲಿ. ಅಲ್ಲಿ 8ರಿಂದ 10 ವರ್ಷದವರು ಜೂನಿಯರ್ ಅಸೋಸಿಯೇಟ್‌ಗಳು. ಅದರ ಮೇಲೆ ಮಿಡ್, ಸೀನಿಯರ್, ಅಡ್ವಾನ್ಸ್‌ಡ್ ಅಂತ ಹಂತಗಳಿವೆ. ಬರ್ಮಿಂಗ್‌ಹ್ಯಾಮ್‌ನ ಎಲ್ಮ್‌ಹರ್ಸ್ಟ್, ಹರ್ಟ್‌ಫರ್ಡ್‌ಶೈರ್‌ನ ಟ್ರಿಂಗ್ ಪಾರ್ಕ್, ಲೀಡ್ಸ್‌ನ ನಾರ್ದರ್ನ್ ಬ್ಯಾಲೆ ಕೂಡ ಮಕ್ಕಳಿಗೆ ಇಂಥ ತರಬೇತಿ ಕೊಡುತ್ತವೆ. ಅಸೋಸಿಯೇಟ್ ಆದರೆ ಮುಂದೆ ಪೂರ್ಣಾವಧಿ ಬ್ಯಾಲೆ ಶಾಲೆಯಲ್ಲಿ ಸೀಟು ಖಚಿತ ಅಂತೇನಿಲ್ಲ. ಆಗದಿದ್ದರೆ ಬಾಗಿಲು ಮುಚ್ಚಿತು ಅಂತಲೂ ಅಲ್ಲ.

ಸುಮಾರು ಜನ ನಮಗೆ ಹೇಳಿದ್ದು ಒಂದೇ ಮಾತು: “ಸುಮ್ನೆ ಕಳಿಸಿ, ಸಿಕ್ಕ ಮೇಲೆ ನೋಡೋಣ.” ಇದನ್ನು ಮಾತ್ರ ನಾನು ಒಪ್ಪಲಿಲ್ಲ. 9 ವರ್ಷದ ಮಗು ಬೆನ್ನಿಗೆ ನಂಬರ್ ಚುಚ್ಚಿಸಿಕೊಂಡು, ಅಪರಿಚಿತರ ಮುಂದೆ ಕುಣಿದು, ಗೆದ್ದು ಬರುತ್ತದೆ. ಆಮೇಲೆ ನಾವು ರೈಲಿನ ಖರ್ಚು ಲೆಕ್ಕ ಹಾಕಿ “ಆಗಲ್ಲ ಪುಟ್ಟಿ” ಅಂದರೆ? ಆಡಿಷನ್‌ನಲ್ಲಿ ಬೇಡ ಅನ್ನಿಸಿಕೊಂಡ ಮಗುವನ್ನು ಸಮಾಧಾನ ಮಾಡಬಹುದು. ಅಪ್ಪ ಅಮ್ಮನೇ ಬೇಡ ಅಂದರೆ ಅದು ಬೇರೆ ರೀತಿಯ ನೋವು. ಹಾಗಾಗಿ ನಾವು ಯೋಚನೆಯನ್ನು ತಿರುವಿ ಹಾಕಿಕೊಂಡೆವು. ಅವಳು ಆಯ್ಕೆ ಆಗುತ್ತಾಳಾ ಅನ್ನುವುದು ನಮ್ಮ ಕೈಲಿಲ್ಲ. ಆದರೆ ನಾವು ಸೇರಿಸುತ್ತೇವಾ? ಅದಕ್ಕೆ ಮಾತ್ರ ಮೊದಲೇ ಉತ್ತರ ಬೇಕು.

ಮೊದಲು ನೋಡಿದ್ದು ಶನಿವಾರವನ್ನು. ಅವತ್ತು ಬೆಳಿಗ್ಗೆ ಕನ್ನಡ ಕ್ಲಾಸ್ ಇದೆ, ಮಗನ ಈಜು ಇದೆ, ಊರಿನಲ್ಲಿರುವ ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಇದೆ, ಗೆಳತಿಯರ ಹುಟ್ಟುಹಬ್ಬಗಳೂ ಹೆಚ್ಚಾಗಿ ಅವತ್ತೇ. ಅಸೋಸಿಯೇಟ್ ಕ್ಲಾಸಿಗೆ ಸುಮ್ಮನೆ ರಜಾ ಹಾಕುವಂತಿಲ್ಲ, ಹಾಜರಾತಿಯನ್ನು ಗಟ್ಟಿಯಾಗಿ ನೋಡುತ್ತಾರೆ. ಕ್ಲಾಸು ವಾರ ವಾರವಾ, ಎರಡು ವಾರಕ್ಕೊಮ್ಮೆಯಾ ಅನ್ನುವುದು ಆಯಾ ಶಾಲೆ, ಆಯಾ ಕೇಂದ್ರವನ್ನು ಅವಲಂಬಿಸಿದೆ. ಈ ಒಂದು ವಿಷಯದಿಂದಲೇ ಮನೆಯ ಲೆಕ್ಕವೆಲ್ಲ ಬದಲಾಗುತ್ತದೆ. ನಮ್ಮ ಮುಂದೆ ಎರಡು ಕಾರ್ಯಕ್ರಮಗಳಿದ್ದವು. ಒಂದು ದೂರದ್ದು, ಹೆಸರು ದೊಡ್ಡದು. ಇನ್ನೊಂದು ಬರ್ಮಿಂಗ್‌ಹ್ಯಾಮ್‌ನದು, ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ದೂರದ್ದಕ್ಕೆ ಹೋದರೆ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರಬೇಕು, ಚಳಿಗಾಲದಲ್ಲಂತೂ ಖಂಡಿತ. ಮಗ ಇಡೀ ದಿನ ನಮ್ಮಲ್ಲಿ ಒಬ್ಬರ ಜೊತೆಯಲ್ಲೇ ಇರಬೇಕು. ದೂರದ್ದನ್ನು ಅಲ್ಲೇ ಬಿಟ್ಟೆವು. ಹೆಸರು ಕೇಳಿ ಕಣ್ಣರಳಿಸುವವರು ಇರುತ್ತಾರೆ, ಆದರೆ ಪ್ರತಿ ಶನಿವಾರ ರೈಲಿನಲ್ಲಿ ಕೂರುವುದು ನನ್ನ ಮಗಳು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಟರ್ಮ್ ಫೀಸನ್ನಷ್ಟೇ ನೋಡಬೇಡಿ. ಆಡಿಷನ್ ಶುಲ್ಕ, ಯೂನಿಫಾರ್ಮ್, ರೈಲು ಟಿಕೆಟ್ಟು, ಊರಿನ ಕ್ಲಾಸಿನ ಫೀಸು ಎಲ್ಲ ಸೇರಿಸಿ ನೋಡಿ. ಕಷ್ಟ ಅನಿಸಿದರೆ ಬರ್ಸರಿ, ಅಂದರೆ ಫೀಸಿಗೆ ನೆರವು, ಇದೆಯಾ ಎಂದು ಅರ್ಜಿ ಹಾಕುವ ಮೊದಲೇ ಕೇಳಿ, ನಾಚಿಕೊಳ್ಳಬೇಡಿ. ಸರ್ಕಾರದ ಮ್ಯೂಸಿಕ್ ಅಂಡ್ ಡಾನ್ಸ್ ಸ್ಕೀಮ್ ಮನೆಯ ಆದಾಯ ನೋಡಿ ನೆರವು ಕೊಡುತ್ತದೆ. ಅದು ಸಿಗುವುದು ಕೆಲವು ಪೂರ್ಣಾವಧಿ ಶಾಲೆಗಳಿಗೆ ಮತ್ತು ಸೆಂಟರ್ಸ್ ಫಾರ್ ಅಡ್ವಾನ್ಸ್‌ಡ್ ಟ್ರೇನಿಂಗ್ ಎನ್ನುವ, ಶಾಲೆಯ ಹೊರಗಿನ ಹೊತ್ತಿನಲ್ಲಿ ತರಬೇತಿ ಕೊಡುವ ಕೇಂದ್ರಗಳಿಗೆ. ಎಲ್ಲರೂ ಅವನ್ನು ಕ್ಯಾಟ್ ಅನ್ನುತ್ತಾರೆ. ನಮ್ಮವರಿಗೆ ಕ್ಯಾಟ್ ಬಗ್ಗೆ ಅಷ್ಟಾಗಿ ಗೊತ್ತಿಲ್ಲ, ಗೊತ್ತಿರಬೇಕಿತ್ತು. ಅಲ್ಲಿ ಬ್ಯಾಲೆ ಒಂದೇ ಅಲ್ಲ, ಸಮಕಾಲೀನ ನೃತ್ಯಕ್ಕೆ ದೊಡ್ಡ ಜಾಗವಿದೆ. ಬರ್ಮಿಂಗ್‌ಹ್ಯಾಮ್‌ನ ಕೇಂದ್ರದಲ್ಲಿ ಕಥಕ್, ಭರತನಾಟ್ಯ ಕೂಡ ಕಲಿಸಿದ್ದಾರೆ.

ಇನ್ನು ಮೈಕಟ್ಟಿನ ಮಾತು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಆಡಿಷನ್‌ನಲ್ಲಿ ನೋಡುವುದು ಮಗು ಎಷ್ಟು ಹೆಜ್ಜೆ ಕಲಿತಿದೆ ಎಂದಲ್ಲ. ಸೊಂಟದ ಕೀಲಿನಿಂದ ಕಾಲು ಎಷ್ಟು ಹೊರಕ್ಕೆ ತಿರುಗುತ್ತದೆ, ಪಾದ ಎಷ್ಟು ಬಾಗುತ್ತದೆ, ಬೆನ್ನು ಹೇಗಿದೆ, ಸಂಗೀತ ಕೇಳಿದಾಗ ಮೈ ಏನು ಮಾಡುತ್ತದೆ, ತಿದ್ದಿ ಹೇಳಿದ್ದನ್ನು ತಕ್ಷಣ ಹಿಡಿಯುತ್ತದಾ ಅನ್ನುವುದನ್ನು ನೋಡುತ್ತಾರೆ. ಕೊನೆಯ ಎರಡನ್ನು ಬೆಳೆಸಬಹುದು. ಸೊಂಟದ ಮೂಳೆಯ ರಚನೆಯನ್ನು ಯಾರೂ ಬದಲಿಸಲಾರರು. ಭರತನಾಟ್ಯದ ಅರಮಂಡಿಯಲ್ಲೂ ಮಂಡಿಗಳು ಹೊರಕ್ಕೆ ತಿರುಗಬೇಕು ಅಲ್ವಾ? ಅಲ್ಲಿಯ ಹಾಗೆ ಇಲ್ಲಿಯೂ, ಸೊಂಟದಿಂದ ಬರದ ತಿರುವನ್ನು ಪಾದದಿಂದ ಎಳೆದು ತಂದರೆ ಮಂಡಿ ತಿರುಚಿಕೊಳ್ಳುತ್ತದೆ, ಪಾದ ಒಳಕ್ಕೆ ವಾಲುತ್ತದೆ. ಆಡಿಷನ್ ಹತ್ತಿರ ಬಂತೆಂದು ಮಕ್ಕಳನ್ನು ಕಪ್ಪೆಯ ಹಾಗೆ ಮಲಗಿಸಿ ಮಂಡಿ ಒತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳೆಯುತ್ತಿರುವ ಕೀಲುಗಳವು.

ಇದನ್ನು ಮಗಳಿಗೂ ಮೊದಲೇ ಹೇಳಿದೆ. “ಅವರು ನಿನ್ನ ಮೂಳೆ ಹೇಗಿದೆ ಅಂತಲೂ ನೋಡುತ್ತಾರೆ. ಅದು ನೀನು ಮಾಡಿದ ತಪ್ಪೂ ಅಲ್ಲ, ನಿನ್ನ ಜಾಣತನವೂ ಅಲ್ಲ.” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹೈಟ್ ಥರಾನಾ?” ಎಂದಳು. ಹೌದು, ಅದೇ ಥರ ಎಂದೆ.

ಬಣ್ಣದ ಮಾತೂ ಬಂತು. ಬ್ಯಾಲೆಯ ಗುಲಾಬಿ ಟೈಟ್ಸ್, ಗುಲಾಬಿ ಶೂ ಬಿಳಿ ಚರ್ಮಕ್ಕೆ ಹೊಂದುವಂತೆ ಬಂದವು. ಕಂದು ಕಾಲಿನ ಮಗುವಿಗೆ ಮೈ ಒಂದು ಬಣ್ಣ, ಕಾಲು ಇನ್ನೊಂದು ಬಣ್ಣ ಕಾಣುತ್ತದೆ. ಕಪ್ಪು ಮತ್ತು ಏಷ್ಯನ್ ಮೂಲದ ನರ್ತಕರಿಗಾಗಿ 2001ರಲ್ಲಿ ಶುರುವಾದ ಬ್ಯಾಲೆ ಬ್ಲ್ಯಾಕ್ ತಂಡ ಈ ವಿಷಯವನ್ನು ಬಿಡದೆ ಹಿಡಿಯಿತು. 2018ರಲ್ಲಿ ಬ್ಯಾಲೆ ಶೂ ತಯಾರಿಸುವ ಫ್ರೀಡ್ ಕಂಪನಿ ಅವರ ಜೊತೆ ಸೇರಿ ಕಂದು ಬಣ್ಣದ ಪಾಯಿಂಟ್ ಶೂಗಳನ್ನು, ಅಂದರೆ ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯುವ ಶೂಗಳನ್ನು, ಹೊರತಂದಿತು. ನಾನು ಅರ್ಜಿ ಹಾಕುವ ಮೊದಲೇ ಇಮೇಲ್ ಮಾಡಿ, ಚರ್ಮದ ಬಣ್ಣದ ಟೈಟ್ಸ್ ಹಾಕಬಹುದಾ ಎಂದು ಕೇಳಿದೆ. ಖಂಡಿತ ಹಾಕಬಹುದು ಎಂದು ಅವತ್ತೇ ಉತ್ತರ ಬಂತು. ಆ ಉತ್ತರದ ಧಾಟಿ ನೋಡಿ ನನಗೆ ಆ ಶಾಲೆಯ ಬಗ್ಗೆ ಅರ್ಧ ನಂಬಿಕೆ ಹುಟ್ಟಿತು.

ಇಷ್ಟೆಲ್ಲ ಆದ ಮೇಲೆ ನಾನೂ ನನ್ನ ಗಂಡನೂ ಕೂತು ಒಂದು ಪ್ರಶ್ನೆ ಹಾಕಿಕೊಂಡೆವು. ಅವಳು ಮುಂದೆ ಬ್ಯಾಲೆ ಬಿಟ್ಟು ಹಾಕಿಯನ್ನೋ ಗಣಿತವನ್ನೋ ಹಿಡಿದರೂ ಈ ಎರಡು ಮೂರು ವರ್ಷದ ಶನಿವಾರಗಳು ನಮಗೆ ಸಮ್ಮತವಾ? ನನಗೆ ಸಮ್ಮತವಿತ್ತು, ಅದಕ್ಕೆ ಕಾರಣವೂ ಇತ್ತು. ಊರಿನ ಕ್ಲಾಸಿನಲ್ಲಿ ಹೆಚ್ಚಿನ ಹೊತ್ತು ರಾಯಲ್ ಅಕಾಡೆಮಿ ಆಫ್ ಡಾನ್ಸ್‌ನ ಗ್ರೇಡ್ ಪರೀಕ್ಷೆಗೆ ತಯಾರಿ. ಅದೇ ಹೆಜ್ಜೆ, ಅದೇ ಸಂಗೀತ, ತಿಂಗಳುಗಟ್ಟಲೆ. ಅಸೋಸಿಯೇಟ್ ಕ್ಲಾಸಿನಲ್ಲಿ ಪರೀಕ್ಷೆಯ ಪಠ್ಯಕ್ರಮ ಇರುವುದಿಲ್ಲ. ಟೀಚರ್ ಅಲ್ಲೇ ಹೆಜ್ಜೆಗಳ ಒಂದು ಜೋಡಣೆ ಹೇಳುತ್ತಾರೆ, ಮಕ್ಕಳು ಅಲ್ಲೇ ಹಿಡಿದು ಮಾಡಬೇಕು. ಎಷ್ಟೋ ಕಡೆ ಪಿಯಾನೋ ನುಡಿಸುವವರೂ ಕೋಣೆಯಲ್ಲೇ ಇರುತ್ತಾರೆ. ಹೀಗೆ ಕೇಳಿ, ನೋಡಿ, ತಕ್ಷಣ ಮೈಗೆ ತಂದುಕೊಳ್ಳುವುದು ಯಾವ ದಾರಿ ಹಿಡಿದರೂ ಅವಳ ಜೊತೆ ಉಳಿಯುತ್ತದೆ ಅನ್ನಿಸಿತು. ನನ್ನ ಗಂಡನಿಗೆ ಶನಿವಾರ ಮನೆ ಖಾಲಿ ಆಗುವುದು ಅಷ್ಟು ಇಷ್ಟವಿರಲಿಲ್ಲ. ಕನ್ನಡ ಕ್ಲಾಸು ತಪ್ಪಬಾರದು ಎಂದು ಹಟ ಹಿಡಿದರು. ಅದನ್ನು ಭಾನುವಾರದ ಗುಂಪಿಗೆ ಬದಲಿಸಿಕೊಂಡ ಮೇಲೆಯೇ ಒಪ್ಪಿದ್ದು.

ಕೊನೆಗೆ ಅವಳನ್ನೇ ಕೇಳಿದ್ದು. ಹೋಗಬೇಕಾ ಅಂತಲ್ಲ. ಅದಕ್ಕೆ ಯಾವ ಮಗುವೂ ಹೂಂ ಅನ್ನುತ್ತದೆ. “ಅವರು ಬೇಡ ಅಂದರೆ ಏನು ಮಾಡ್ತೀಯಾ?” ಎಂದೆ.

“ಅಳ್ತೀನಿ ಅಮ್ಮ. ಆಮೇಲೆ ಮಂಗಳವಾರ ಮಿಸ್ ಕ್ಲಾಸಿಗೆ ಹೋಗ್ತೀನಿ.”

“ಇನ್ನು ಡಾನ್ಸೇ ಮಾಡಲ್ಲ” ಎಂದಿದ್ದರೆ ಆ ವರ್ಷ ನಾನು ಕಳಿಸುತ್ತಿರಲಿಲ್ಲ. ಒಂದು ವರ್ಷ ಕಾದರೆ ಏನೂ ಮುಳುಗುವುದಿಲ್ಲ.

ತಯಾರಿಗೆಂದು ಬೇರೆ ಖಾಸಗಿ ಪಾಠ ಹಾಕಿಸಲಿಲ್ಲ. ಟೀಚರ್ ಕೂಡ ಬೇಡ ಎಂದರು. ಅರ್ಜಿಗೆ ಕೇಳಿದ ಫೋಟೋಗಳನ್ನು ಕ್ಲಾಸಿನಲ್ಲೇ ಅವರು ನಿಲ್ಲಿಸಿ ತೆಗೆಸಿದರು. ಆಡಿಷನ್ ಕೂಡ ಒಂದು ಕ್ಲಾಸಿನಂತೆಯೇ ಇತ್ತು, ನಮ್ಮನ್ನು ಒಳಗೆ ಬಿಡಲಿಲ್ಲ. ಕೆಲವು ವಾರ ಕಳೆದ ಮೇಲೆ ಸೀಟು ಸಿಕ್ಕಿತೆಂದು ಇಮೇಲ್ ಬಂತು. ಯೋಚಿಸುವ ಕೆಲಸ ಮುಗಿದಿತ್ತು, ಅವತ್ತೇ ಒಪ್ಪಿಗೆ ಕಳಿಸಿದೆವು.

ಈಗ ಅವಳಿಗೆ 10. ಇನ್ನೊಂದು ಪ್ರಶ್ನೆ ಎದುರಿಗೆ ಬಂದಿದೆ. 11ಕ್ಕೆ ಪೂರ್ಣಾವಧಿ ಶಾಲೆಗೆ, ಅಂದರೆ ರಿಚ್ಮಂಡ್ ಪಾರ್ಕ್‌ನ ವೈಟ್ ಲಾಡ್ಜ್ (ರಾಯಲ್ ಬ್ಯಾಲೆ ಸ್ಕೂಲ್‌ನ ಕಿರಿಯರ ಶಾಲೆ) ಅಥವಾ ಎಲ್ಮ್‌ಹರ್ಸ್ಟ್‌ನಂಥ ಕಡೆಗೆ, ಆಡಿಷನ್ ಕೊಡಬಹುದು. ಲೆಸ್ಟರ್‌ನವರಾದ ನಮಗೆ ಅದು ಹಾಸ್ಟೆಲ್ ವಾಸ. ಅದೇ ಲೆಕ್ಕವನ್ನು ಮತ್ತೆ ಹಾಕಿದೆವು: ಸಿಕ್ಕರೆ ಸೇರಿಸುತ್ತೇವಾ? 11 ವರ್ಷಕ್ಕೆ ಮನೆಯಿಂದ ಕಳಿಸಲು ನಾವಿಬ್ಬರೂ ತಯಾರಿಲ್ಲ, ಅವಳಿಗೂ ತಮ್ಮನನ್ನು ಬಿಟ್ಟಿರಲು ಮನಸ್ಸಿಲ್ಲ. 16ಕ್ಕೆ ಸೇರುವವರೂ ಇದ್ದಾರೆ, ಆಗ ನೋಡಿದರಾಯಿತು. ಹಾಗಾಗಿ ಈ ವರ್ಷ ಆ ಅರ್ಜಿ ಹಾಕುತ್ತಿಲ್ಲ. ಅಸೋಸಿಯೇಟ್‌ನ ಮುಂದಿನ ಹಂತಕ್ಕೆ ಮಾತ್ರ ಹಾಕುತ್ತಿದ್ದೇವೆ.