ಹಾಡಿನ ನಡುವೆ ಷಡ್ಜ ಬದಲಿಸುವ ಬಗೆ

ಗದಗಿನಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತ ಹಾಡು ಕಟ್ಟುವವನು ನಾನು. ಹೊಸಬರು ಕೇಳಿಸುವ ಹಾಡುಗಳಲ್ಲಿ ಕೊನೆಯ ಪಲ್ಲವಿ ಬಂತೆಂದರೆ ಇಡೀ ಹಾಡನ್ನು ಕಪ್ಪು ಒಂದರಿಂದ ಕಪ್ಪು ಎರಡಕ್ಕೆ, ಅಂದರೆ ಪೇಟಿಯ ಸಪ್ತಕದ ಮೊದಲ ಕಪ್ಪು ಕೀಯಿಂದ ಎರಡನೆಯದಕ್ಕೆ, ಎತ್ತಿಬಿಡುತ್ತಾರೆ. ಬಿಳಿ ಕೀಗಳನ್ನೂ ಹೀಗೆಯೇ ಎಣಿಸುತ್ತೇವೆ. ತಬಲಾ ಮಾತ್ರ ಹಳೆಯ ಶ್ರುತಿಯಲ್ಲೇ ಇರುತ್ತದೆ. ಅದರ ನಾದ ಹೊಸ ಷಡ್ಜಕ್ಕೆ (ಆಧಾರ ಸ್ವರ ‘ಸಾ’ಕ್ಕೆ) ಕೋಮಲ ನಿಷಾದವಾಗಿ, ಅಂದರೆ ಅರ್ಧ ಮೆಟ್ಟಿಲು ಇಳಿದ ‘ನಿ’ಯಾಗಿ, ಕಿವಿಗೆ ಚುಚ್ಚುತ್ತದೆ.

ಮೊದಲು ಮಧ್ಯಮಕ್ಕೆ (‘ಮ’ ಸ್ವರಕ್ಕೆ) ಹೋಗುವುದನ್ನು ಕಲಿಯಿರಿ. ಕಪ್ಪು ಒಂದರ ಮಧ್ಯಮ ಕಪ್ಪು ಮೂರು. ಅದನ್ನು ಷಡ್ಜ ಮಾಡಿಕೊಂಡರೆ ಹಳೆಯ ಷಡ್ಜ ಪಂಚಮವಾಗುತ್ತದೆ, ತಬಲಾ ಹೊಂದಿಕೊಂಡೇ ಇರುತ್ತದೆ. ಪಹಾಡಿ ರಾಗವನ್ನು ಮಧ್ಯಮದಿಂದ ಹಾಡುವ ರೂಢಿ ನಮ್ಮವರಿಗೆ ಹೊಸದೇನಲ್ಲ. ಶುದ್ಧ ಸ್ವರಗಳ ಹಾಡಾದರೆ ಬದಲಾಗುವುದು ಒಂದೇ ಸ್ವರ: ಶುದ್ಧ ನಿಷಾದ ಹೋಗಿ ಕೋಮಲ ನಿಷಾದ, ಅಂದರೆ ಬಿಳಿ ಏಳು, ಬರುತ್ತದೆ.

ಆ ಸ್ವರವನ್ನು ಕದ್ದು ತರಬೇಡಿ, ಕೇಳಿಸಿಯೇ ತನ್ನಿ. ‘ಕಪ್ಪತಗುಡ್ಡದ ಗಾಳಿ ಬೀಸಿತೋ’ ಎಂಬ ಸಾಲು ತಾರ ಷಡ್ಜದಲ್ಲಿ, ಅಂದರೆ ಮೇಲಿನ ಸಪ್ತಕದ ಸಾದಲ್ಲಿ, ನಿಂತಿದೆ ಎನ್ನಿ. ಆ ‘ತೋ’ವನ್ನು ಹಾಡುವವರು ನಾಲ್ಕು ಮಾತ್ರೆ (ತಾಳದ ಎಣಿಕೆ) ಹಿಡಿಯಲಿ. ಅದು ಮುಗಿಯುವಾಗ ಪೇಟಿಯಲ್ಲಿ ಸಾ, ಕೋಮಲ ನಿ, ದ, ಪ, ಮ ಎಂದು ನಿಧಾನವಾಗಿ ಇಳಿಯಿರಿ. ಇಳಿಯಲು ಹೊರಟಾಗ ಹಳೆಯ ಸ್ವರಗಳು. ಮಧ್ಯಮದ ಮೇಲೆ ನಿಂತಾಗ ಅವೇ ಪ, ಮ, ಗ, ರಿ, ಸಾ ಆಗಿರುತ್ತವೆ. ಅಲ್ಲಿ ಎರಡು ಮಾತ್ರೆ ನಿಲ್ಲಿ. ಹಾಡುವವರಿಗೆ ಹೊಸ ಷಡ್ಜ ಸಿಗದೆ ಚರಣ ಎತ್ತಿಸಬೇಡಿ.

ಚರಣದ ದಾಟಿಯನ್ನು ಹೊಸದಾಗಿಯೇ ಕಟ್ಟಬೇಕು. ಪಲ್ಲವಿಯ ದಾಟಿಯನ್ನೇ ಅಲ್ಲಿಗೆ ಎತ್ತಿಟ್ಟರೆ ತಾರದಲ್ಲಿ ಕೊರಳು ಬಿಗಿಯುತ್ತದೆ. ಹೊಸ ಷಡ್ಜದ ಮಂದ್ರ (ಕೆಳಗಿನ ಸಪ್ತಕದ) ಪಂಚಮದಿಂದ ಮಧ್ಯ ಧೈವತದೊಳಗೆ ಓಡಾಡಿಸಿ. ಮಾತೂ ಸ್ಪಷ್ಟವಾಗಿ ಕೇಳುತ್ತದೆ. ತಂಬೂರಿಯ ಪಂಚಮ ಇಲ್ಲಿ ರಿಷಭವಾಗಿ ಕಾಡುವುದರಿಂದ ಚರಣದಲ್ಲಿ ಆ ತಂತಿಯನ್ನು ಬಿಡಿ.

ಪಲ್ಲವಿಗೆ ಮರಳುವಾಗ ಹಳೆಯ ಶುದ್ಧ ನಿಷಾದ, ಬಿಳಿ ಒಂದು, ಕೇಳಿಸಲೇಬೇಕು. ‘ಪ ನಿ ಸಾ’ ಎಂಬ ಸಣ್ಣ ತುಣುಕು ಸಾಕು.

ಇಷ್ಟಾದ ಮೇಲೂ ಕೊನೆಯಲ್ಲಿ ಕಪ್ಪು ಎರಡಕ್ಕೇ ಹತ್ತಬೇಕೆನಿಸಿದರೆ ಅದೂ ಸೊಗಸೇ, ಸಿದ್ಧತೆ ಮಾಡಿಕೊಳ್ಳಿ. ಹತ್ತುವ ಮೊದಲು ಒಂದು ಆವರ್ತನ (ತಾಳದ ಒಂದು ಸುತ್ತು) ಕಪ್ಪು ಐದು, ಬಿಳಿ ಎರಡು, ಬಿಳಿ ನಾಲ್ಕು, ಕಪ್ಪು ನಾಲ್ಕು ಒಟ್ಟಿಗೆ ಒತ್ತಿ ಹಿಡಿಯಿರಿ. ಹೊಸ ಪಂಚಮದ ಮೇಲೆ ನಿಂತ ಈ ಕಾರ್ಡ್ ಕಿವಿಯನ್ನು ಹೊಸ ಷಡ್ಜದತ್ತ ತಾನೇ ಎಳೆಯುತ್ತದೆ. ಆ ಆವರ್ತನದಲ್ಲಿ ತಬಲಾ ಸುಮ್ಮನಿರಲಿ, ಕಪ್ಪು ಎರಡಕ್ಕೆ ಕೂಡಿಸಿದ ಇನ್ನೊಂದು ತಬಲಾ ಪಕ್ಕದಲ್ಲೇ ಇರಲಿ.