ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಕಂಡಾಗ ಮಾಡಬೇಕಾದದ್ದು

ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಕಬ್ಬು ಕಡಿಯುವಾಗ ತರಗಿನ ನಡುವೆ ಚಿರತೆ ಮರಿಗಳು ಸಿಗುವುದು ಹೊಸದೇನಲ್ಲ. ಆಳೆತ್ತರ ಬೆಳೆದು ನಿಂತ ಕಬ್ಬಿನೊಳಗೆ ನೆರಳಿದೆ, ಪಕ್ಕದ ಕಾಲುವೆಯಲ್ಲಿ ನೀರಿದೆ, ಊರಂಚಿನಲ್ಲಿ ಬೇಟೆಗೆ ನಾಯಿಗಳಿವೆ, ಕಟಾವಿನವರೆಗೆ ಒಳಗೆ ಜನರ ಓಡಾಟವೂ ಕಡಿಮೆ. ಹಾಗಾಗಿ ತಾಯಿ ಚಿರತೆ ಅಲ್ಲಿ ಮರಿ ಹಾಕುತ್ತದೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಕಾಡಿನಾಚೆಯ ಹೊಲ, ಗುಡ್ಡಗಳಲ್ಲಿ ಬದುಕುವ ಹಲವು ಚಿರತೆಗಳು ಆ ಲೆಕ್ಕಕ್ಕೆ ಬಂದೇ ಇಲ್ಲ.

ಮರಿ ಕಂಡವರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತೆಂದರೆ, ಒಂಟಿಯಾಗಿ ಬಿದ್ದುಕೊಂಡಿದೆ ಎಂದ ಮಾತ್ರಕ್ಕೆ ಅದು ತಬ್ಬಲಿಯಲ್ಲ ಎಂಬುದು. ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುವ ತಾಯಿ ಅವುಗಳನ್ನು ಬಚ್ಚಿಟ್ಟು ಬೇಟೆಗೆ ಹೋಗುತ್ತದೆ, ಮರಳಲು ಬಹಳ ಹೊತ್ತಾಗಬಹುದು. ಅಥವಾ ಮಚ್ಚಿನ ಸದ್ದು, ಜನರ ಮಾತು ಕೇಳಿ ಪಕ್ಕದ ಗದ್ದೆಗೆ ಸರಿದು ಅಲ್ಲಿಂದಲೇ ನಿಮ್ಮನ್ನು ನೋಡುತ್ತಿರಬಹುದು. ಕರುಣೆಯಿಂದಲೇ ಮರಿಯನ್ನು ಎತ್ತಿ ಮನೆಗೊಯ್ಯುವವರು ತಮಗೆ ತಿಳಿಯದಂತೆ ಅದನ್ನು ತಾಯಿಯಿಂದ ಅಗಲಿಸುತ್ತಾರೆ. ಮನುಷ್ಯರ ಕೈಯಲ್ಲಿ ಬೆಳೆದ ಚಿರತೆ ಬೇಟೆ ಕಲಿಯುವುದಿಲ್ಲ, ಜನರ ಭಯವನ್ನೂ ಕಳೆದುಕೊಳ್ಳುತ್ತದೆ. ಅದರ ಉಳಿದ ಆಯುಷ್ಯ ಬಹುತೇಕ ಪುನರ್ವಸತಿ ಕೇಂದ್ರದ ಕಂಬಿಗಳ ಹಿಂದೆಯೇ ಕಳೆಯುತ್ತದೆ.

ಆದ್ದರಿಂದ ಮರಿ ಕಂಡ ಕ್ಷಣವೇ ಕಟಾವು ನಿಲ್ಲಿಸಿ. ಎಲ್ಲರೂ ಗುಂಪಾಗಿ, ಓಡದೆ, ಬಂದ ದಾರಿಯಲ್ಲೇ ಹಿಂದೆ ಸರಿದು ದೂರದ ಬದುವಿಗೆ ಬನ್ನಿ; ಒಬ್ಬೊಬ್ಬರೇ ಚದುರಿ ಕಬ್ಬಿನ ಸಾಲುಗಳೊಳಗೆ ನುಗ್ಗುವುದು ಅಪಾಯಕಾರಿ, ಏಕೆಂದರೆ ಎಳೆ ಮರಿಗಳಿರುವ ತಾಯಿ ದಾರಿ ಕಟ್ಟಿದಂತಾದರೆ ಮೇಲೆರಗಬಹುದು. ಆಳುಗಳ ಜೊತೆ ಬಂದ ಮಕ್ಕಳನ್ನು ಮೊದಲು ದೂರ ಕಳುಹಿಸಿ, ನಾಯಿಗಳನ್ನು ಕಟ್ಟಿಹಾಕಿ. ನಂತರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಗದ್ದೆಯ ಗುರುತು, ಮರಿಗಳ ಸಂಖ್ಯೆ, ಕಣ್ಣು ಬಿಟ್ಟಿವೆಯೋ ಇಲ್ಲವೋ ಎಂಬುದನ್ನು ತಿಳಿಸಿ. ಕಣ್ಣು ಬಿಡದಿದ್ದರೆ ಮರಿ ಹುಟ್ಟಿ ಹತ್ತು ದಿನವೂ ಆಗಿಲ್ಲವೆಂದು ತಿಳಿಯಬಹುದು.

ಸಿಕ್ಕಿದ್ದು ಚಿರತೆ ಮರಿಯೇ ಎಂಬ ಗೊಂದಲವೂ ಸಹಜ. ಕಾಡುಬೆಕ್ಕಿನ ಮರಿಗಳೂ ಇದೇ ಕಬ್ಬಿನಲ್ಲಿ ಹುಟ್ಟುತ್ತವೆ. ಅವುಗಳ ಮೈಮೇಲೆ ಮಸುಕಾದ ಗೆರೆಗಳಿದ್ದು ಕಿವಿ ಚೂಪಾಗಿರುತ್ತದೆ. ಚಿರತೆ ಮರಿಯ ಕಿವಿ ದುಂಡಗಿದ್ದು, ಪಾದ ದಪ್ಪಗಿದ್ದು, ಬೂದು ಛಾಯೆಯ ಮೈತುಂಬ ಒತ್ತಾದ ಕಪ್ಪು ಚುಕ್ಕೆಗಳಿರುತ್ತವೆ. ಗುರುತು ಸಿಗದಿದ್ದರೂ ಚಿಂತೆಯಿಲ್ಲ, ಎರಡಕ್ಕೂ ಮಾಡಬೇಕಾದದ್ದು ಒಂದೇ.

ಸಿಬ್ಬಂದಿ ಬರುವವರೆಗೆ ಮರಿಯನ್ನು ಮುಟ್ಟಬೇಡಿ. ಹಸಿದಿದೆಯೆಂದು ಹಸುವಿನ ಹಾಲನ್ನು ಬಾಯಿಗೆ ಹಿಂಡುವುದು ಅತ್ಯಂತ ಸಾಮಾನ್ಯವಾದ, ಅತ್ಯಂತ ಅಪಾಯದ ತಪ್ಪು: ಆ ಹಾಲು ಅದಕ್ಕೆ ಒಗ್ಗದೆ ಭೇದಿಯಾಗುತ್ತದೆ, ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೂ ಇಳಿಯುತ್ತದೆ. ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದು, ಊರಿನವರನ್ನು ಕರೆದು ತೋರಿಸುವುದು ಬೇಡವೇ ಬೇಡ. ಜನ ಸೇರಿದಷ್ಟೂ ತಾಯಿ ದೂರವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಚಿರತೆಯಿದ್ದು, ಅದನ್ನು ಬೇಟೆಯಾಡಿದವರಿಗೆ, ಅಂದರೆ ಹಿಡಿದವರಿಗೂ ಕೊಂದವರಿಗೂ, 3ರಿಂದ 7 ವರ್ಷಗಳ ಜೈಲು ಶಿಕ್ಷೆಯಾಗಬಹುದು. ಮರಿ ಸುಡುಬಿಸಿಲಿಗೆ ಬಿದ್ದಿದ್ದರೆ, ಫೋನಿನಲ್ಲಿ ಸಿಬ್ಬಂದಿಯನ್ನು ಕೇಳಿಕೊಂಡು, ದೂರದಿಂದಲೇ ನಾಲ್ಕು ಸೋಗೆಗಳನ್ನು ಅಡ್ಡವಿಟ್ಟು ನೆರಳು ಮಾಡಬಹುದು. ಯಾರಿಗಾದರೂ ಪರಚಿದ್ದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು.

ಮುಂದಿನ ಕೆಲಸ ರಾತ್ರಿಯದು. ಪಶುವೈದ್ಯರು ಪರೀಕ್ಷಿಸಿದ ಮೇಲೆ, ಗಾಯವಿಲ್ಲದ ಮರಿಗಳನ್ನು ಸಿಕ್ಕಿದ ಜಾಗದಲ್ಲೇ ಕ್ರೇಟಿನೊಳಗಿಟ್ಟು, ಪ್ರಾಣಿ ಸುಳಿದಾಗ ತಾನೇ ಚಿತ್ರೀಕರಿಸುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಎಲ್ಲರೂ ದೂರ ಸರಿಯುತ್ತಾರೆ. ಕ್ರೇಟು ಮರಿ ಹತ್ತಿ ಹೊರಬರಲಾರದಷ್ಟು ಎತ್ತರವಿರಬೇಕು, ತಾಯಿ ಸುಲಭವಾಗಿ ಬಗ್ಗಿ ಎತ್ತಿಕೊಳ್ಳುವಷ್ಟು ತಗ್ಗಾಗಿಯೂ ಇರಬೇಕು. ಮಹಾರಾಷ್ಟ್ರದ ಜುನ್ನರ್ ಭಾಗದ ಕಬ್ಬಿನ ಗದ್ದೆಗಳಲ್ಲಿ ಹಲವಾರು ಮರಿಗಳು ಹೀಗೆಯೇ ತಾಯಿಯ ಬಳಿಗೆ ಮರಳಿವೆ. ಮನುಷ್ಯರ ವಾಸನೆ ತಗುಲಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬ ನಂಬಿಕೆ ನಿಜವಲ್ಲವೆಂದು ಇದರಿಂದಲೇ ತಿಳಿಯುತ್ತದೆ.

ನಮ್ಮ ಪಕ್ಕದ ಗದ್ದೆಯಲ್ಲಿ ಹೀಗೆ ಇಟ್ಟ ಎರಡು ಮರಿಗಳ ರಾತ್ರಿಯ ದೃಶ್ಯವನ್ನು ಮಾರನೆಯ ಬೆಳಿಗ್ಗೆ ನಾನು ಆ ಕ್ಯಾಮೆರಾದಲ್ಲಿ ನೋಡಿದೆ. ತಾಯಿ ಕ್ರೇಟಿನ ಸುತ್ತ ಎರಡು ಸುತ್ತು ಬಂದು, ಬದುವಿನ ಮೇಲೆ ಕೂತು ಬಹಳ ಹೊತ್ತು ಕತ್ತಲನ್ನೇ ನೋಡಿತು. ಆಮೇಲೆ ಮುಂಗಾಲಿನಿಂದ ಕ್ರೇಟಿನ ಅಂಚನ್ನು ಒಮ್ಮೆ ತಡವಿ, ತಲೆ ಒಳಗಿಳಿಸಿ, ಒಂದು ಮರಿಯನ್ನು ಕತ್ತಿನ ಹಿಂದೆ ಹಿಡಿದೆತ್ತಿತು. ಎರಡನೆಯದಕ್ಕೆ ಬಂದದ್ದು ಮುಕ್ಕಾಲು ಗಂಟೆಯ ನಂತರ. ಅಷ್ಟೂ ಹೊತ್ತು ಉಳಿದ ಮರಿ ಒಂದೇ ಸಮನೆ ಕೂಗುತ್ತಿತ್ತು. ಯಾರಾದರೂ ಮರುಗಿ ಹತ್ತಿರ ಹೋಗಿದ್ದರೆ ತಾಯಿ ಆ ರಾತ್ರಿ ಮತ್ತೆ ಬರುತ್ತಿರಲಿಲ್ಲವೇನೋ. ಮೊದಲ ರಾತ್ರಿ ತಾಯಿ ಬರಲೇ ಇಲ್ಲವೆಂದು ಕೈಬಿಡಬಾರದು. ಹಗಲಿನಲ್ಲಿ ಮರಿಗಳಿಗೆ ವೈದ್ಯರ ಆರೈಕೆಯಿದ್ದರೆ ಎರಡನೆಯ, ಮೂರನೆಯ ರಾತ್ರಿಯೂ ಪ್ರಯತ್ನಿಸಬಹುದು.

ಊರಿನಲ್ಲಿ ಭಯವಿರುವುದು ನ್ಯಾಯವೇ. ಆದರೆ ಬೋನಿಟ್ಟು ತಾಯಿಯನ್ನು ಹಿಡಿಯಿರಿ ಎಂದು ಆ ದಿನವೇ ಪಟ್ಟು ಹಿಡಿದರೆ ಮರಿಗಳು ಹಸಿವಿನಿಂದ ಸಾಯುತ್ತವೆ, ತೆರವಾದ ಜಾಗಕ್ಕೆ ಬೇರೊಂದು ಚಿರತೆಯೂ ಬರಬಹುದು. ಮರಿಗಳನ್ನು ಮರಳಿ ಪಡೆದ ತಾಯಿ ಅವುಗಳನ್ನು ಬೇರೆಡೆಗೆ ಸಾಗಿಸುವುದೇ ಹೆಚ್ಚು.

ರೈತರು ಕಟಾವಿಗೆ ಮೊದಲೇ ವಹಿಸಬೇಕಾದ ಎಚ್ಚರಿಕೆಯೂ ಇದೆ. ಗದ್ದೆಯನ್ನು ನಾಲ್ಕೂ ಕಡೆಯಿಂದ ಸುತ್ತುವರಿದು ಕಡಿಯದೆ ಒಂದೇ ಬದಿಯಿಂದ ಶುರು ಮಾಡಿ, ಎದುರು ಬದಿಯನ್ನು ಪ್ರಾಣಿಗಳು ಹೊರಹೋಗಲು ಬಿಟ್ಟುಕೊಡಿ. ತರಗಿಗೆ ಬೆಂಕಿ ಹಚ್ಚಬೇಡಿ, ಓಡಲಾಗದ ಮರಿಗಳು ಅದರಲ್ಲೇ ಸುಟ್ಟುಹೋಗುತ್ತವೆ. ಮರಿ ಸಿಕ್ಕ ಜಾಗದ ಸುತ್ತಲಿನ ಹತ್ತಿಪ್ಪತ್ತು ಸಾಲು ಕಬ್ಬನ್ನು ಹಾಗೆಯೇ ನಿಲ್ಲಿಸಿದರೆ ತಾಯಿಗೆ ಮರೆಯಾಗಿ ಬರಲು ದಾರಿಯಾಗುತ್ತದೆ. ಕಾರ್ಖಾನೆಯ ಲಾರಿ ಕಾಯುತ್ತಿರುವಾಗ ಇದು ಕಷ್ಟವೆಂದು ಬಲ್ಲೆ. ಉಳಿದ ಭಾಗದ ಕಬ್ಬನ್ನು ಆ ದಿನ ಸಾಗಿಸಿ, ಈ ಸಾಲುಗಳನ್ನು ಕೊನೆಗಿಟ್ಟುಕೊಳ್ಳಿ. ಮರಿಗಳೆಲ್ಲ ಹೋದದ್ದು ಕ್ಯಾಮೆರಾದಲ್ಲಿ ಖಾತ್ರಿಯಾಗಿ, ಸಿಬ್ಬಂದಿ ಬದುವಿನ ಹೆಜ್ಜೆ ಗುರುತುಗಳನ್ನು ನೋಡಿ ಒಪ್ಪಿಗೆ ಕೊಟ್ಟ ಮೇಲೆ, ಹಗಲು ಹೊತ್ತಿನಲ್ಲಿ ಅವನ್ನು ಕಡಿಯಬಹುದು.